ಹತ್ತನೇ ಕ್ಲಾಸು ಬಂತು, ಗೆಜ್ಜೆ ಅಟ್ಟ ಸೇರಿತು

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳು ಹತ್ತನೇ ಕ್ಲಾಸಿಗೆ ಬಂದರು ಅಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಮೊದಲು ಅಟ್ಟ ಸೇರುವುದು ಕ್ರಿಕೆಟ್ ಬ್ಯಾಟು. ಅದರ ಹಿಂದೆಯೇ ಬಣ್ಣದ ಡಬ್ಬಿ, ಕೊಳಲು, ಯಕ್ಷಗಾನ ಕಲಿಯುತ್ತಿದ್ದರೆ ಗೆಜ್ಜೆ. "ಇದೊಂದು ವರ್ಷ ತಡ್ಕೋ ಮಗಾ, ಆಮೇಲೆ ಏನು ಬೇಕಾದ್ರೂ ಮಾಡು" ಅಂತೀವಿ. ಆ ಒಂದು ವರ್ಷ ಮುಗಿಯುವುದೇ ಇಲ್ಲ ನೋಡಿ. ಎಸ್ಸೆಸ್ಸೆಲ್ಸಿಯ 625 ಅಂಕ ಮುಗಿದರೆ ಪಿಯುಸಿಯ 600, ಅದರ ಬೆನ್ನಿಗೇ ಸಿಇಟಿ, ನೀಟ್ ಬರೆಯುವವರಾದರೆ ಇನ್ನೊಂದು 720. ಅಷ್ಟರಲ್ಲಿ ಅಟ್ಟದ ಥಂಡಿಗೆ ಗೆಜ್ಜೆಯ ಪಟ್ಟಿಗೆ ಬೂಷ್ಟು ಹಿಡಿದಿರುತ್ತದೆ.

ನಾನು ಕೇಳಿಕೊಳ್ಳುವುದು ಇಷ್ಟೇ. ಆ ಗೆಜ್ಜೆ ಕೆಳಗೇ ಇರಲಿ. ಹಾಗಂತ ಅದನ್ನೂ ಇನ್ನೊಂದು ಪರೀಕ್ಷೆ ಮಾಡಿಬಿಡಬೇಡಿ.

ಭೂಮಿ ಹುಣ್ಣಿಮೆ ಹತ್ತಿರ ಬಂದಾಗ ಸಾಗರ, ಸೊರಬದ ಕಡೆ ದೀವರು ಸಮುದಾಯದವರ ಮನೆಗಳಿಗೆ ಹೋಗಿ ನೋಡಿ. ಹಬ್ಬದ ದಿನ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿರುತ್ತಾರೆ. ಪಕ್ಕದಲ್ಲಿ ಅಕ್ಕಿ ನೆನೆಸಿ ನುಣ್ಣಗೆ ಅರೆದ ಬಿಳಿ ಬಣ್ಣ, ಕೈಯಲ್ಲಿ ಪುಂಡಿ ನಾರಿನ ಕುಂಚ. ಅಜ್ಜಿ ಪಕ್ಕ ಕೂತ ಹುಡುಗಿ ಒಂದು ಗೆರೆ ಎಳೆಯುತ್ತಾಳೆ, ಅದಕ್ಕೆ ತಾಗದ ಹಾಗೆ ಇನ್ನೊಂದು. ಬುಟ್ಟಿಯ ಹೆಣಿಗೆ ಉಬ್ಬುತಗ್ಗು, ನಾರು ಜಾರುತ್ತದೆ, ಉಸಿರು ಬಿಗಿ ಹಿಡಿದೇ ಎಳೆಯಬೇಕು. ಸೊಟ್ಟ ಹೋದರೆ ಅಜ್ಜಿ ನಕ್ಕು, "ಒರೆಸು, ಇನ್ನೊಂದ್ಸಲ ಎಳಿ" ಅನ್ನುತ್ತಾರೆ. ಅಷ್ಟೇ. ಮಾರ್ಕ್ಸ್ ಕಾರ್ಡಿಲ್ಲ, ರ‍್ಯಾಂಕಿಲ್ಲ. ಆ ಹೊತ್ತಿನಲ್ಲಿ ನಾಳೆಯ ಗಣಿತದ ಟೆಸ್ಟು ನೆನಪಾಗಲಿ ಅಂದರೂ ಅವಳ ತಲೆಯಲ್ಲಿ ಜಾಗ ಇರುವುದಿಲ್ಲ.

ಇದನ್ನೇ ಒಬ್ಬರು ಜೀವನಪೂರ್ತಿ ಅಧ್ಯಯನ ಮಾಡಿದರು. ಹಂಗೇರಿ ಮೂಲದ ಮನಃಶಾಸ್ತ್ರಜ್ಞರು, ಹೆಸರು ಮಿಹಾಯ್ ಚೀಕ್‌ಸೆಂಟ್‌ಮಿಹಾಯಿ, ನನ್ನ ನಾಲಿಗೆ ಇಷ್ಟು ತಿರುಗಿದ್ದೇ ಜಾಸ್ತಿ. ಅಮೆರಿಕದಲ್ಲಿ ಚಿತ್ರಕಾರರು ಹಸಿವು, ದಣಿವು ಮರೆತು ಕೆಲಸ ಮಾಡುವುದನ್ನು ಕಂಡು ಇವರಿಗೆ ಕುತೂಹಲ ಹುಟ್ಟಿತಂತೆ. ಅವರು ಕಂಡುಕೊಂಡದ್ದು ಇದು: ಕೆಲಸ ತೀರಾ ಸುಲಭವಾದರೆ ಬೇಜಾರು, ತೀರಾ ಕಷ್ಟವಾದರೆ ಗಾಬರಿ. ನಮ್ಮ ಕೈಗೆ ಎಟುಕುವಷ್ಟು ಕಷ್ಟ ಇದ್ದು, ಸರಿಯೋ ತಪ್ಪೋ ಆಗಲೇ ಕಣ್ಣಿಗೆ ಕಂಡರೆ ಮನಸ್ಸು ಅದರಲ್ಲೇ ಮುಳುಗುತ್ತದೆ. ಚಿತ್ತಾರದ ಗೆರೆ ಹಾಗೆಯೇ ಅಲ್ವಾ?

ಈಗ ಇನ್ನೊಂದು ಮಾತು, ಇದು ಅಪ್ಪ ಅಮ್ಮಂದಿರಿಗೆ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾಡಿದ ಪ್ರಯೋಗವೊಂದು ಪ್ರಕಟವಾಯಿತು. ತಮ್ಮ ಪಾಡಿಗೆ ಖುಷಿಯಿಂದ ಚಿತ್ರ ಬರೆಯುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ "ಬರೆದರೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡ್ತೀವಿ" ಅಂತ ಮೊದಲೇ ಹೇಳಿದರು. ಆ ಮಕ್ಕಳು ಬರೆದರು, ಸರ್ಟಿಫಿಕೇಟೂ ಸಿಕ್ಕಿತು. ಆದರೆ ಒಂದೆರಡು ವಾರ ಬಿಟ್ಟು ನೋಡಿದರೆ, ಏನೂ ಆಸೆ ಹುಟ್ಟಿಸದೆ ಬಿಟ್ಟ ಮಕ್ಕಳು ಚಿತ್ರಕ್ಕೆ ಕೊಡುತ್ತಿದ್ದ ಹೊತ್ತಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಮಾತ್ರ ಇವರು ಕೊಡುತ್ತಿದ್ದರು. ಮೊದಲು ಹೇಳದೆ ಕೊನೆಗೆ ಸುಮ್ನೆ ಬಹುಮಾನ ಕೊಟ್ಟವರಲ್ಲಿ ಆಸಕ್ತಿ ಇಳಿದಿರಲಿಲ್ಲ. ಬಹುಮಾನದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಮಗು ಬಚ್ಚಲಲ್ಲಿ ನಾಲ್ಕು ಸಾಲು ಗುನುಗಿದ ತಕ್ಷಣ ಸಂಗೀತದ ಕ್ಲಾಸು, ಜೂನಿಯರ್ ಪರೀಕ್ಷೆ, ಟಿವಿ ಆಡಿಷನ್ ಅಂತ ಓಡುತ್ತೀವಲ್ಲ, ಅಲ್ಲಿಗೆ ಬಚ್ಚಲಲ್ಲಿ ಹಾಡುವುದೂ ನಿಲ್ಲುತ್ತದೆ.

ರೀಲ್ಸ್ ನೋಡುವುದು ಹವ್ಯಾಸವಾ ಅಂತ ಮಕ್ಕಳು ಕೇಳುತ್ತಾರೆ. ಅದನ್ನು ನೋಡಿ ಕೈಯಿಂದ ಏನಾದರೂ ಮಾಡಿದರೆ, ಏನಾದರೂ ಕಲಿತರೆ ಹೌದು. ಮಳೆ ರಜೆ ಸಿಕ್ಕ ದಿನ ಬೆಳಗಿಂದ ರಾತ್ರಿವರೆಗೆ ಬೆರಳಾಡಿಸಿ ಕೊನೆಗೆ ತಲೆನೋವು ಬಂದರೆ ಅಲ್ಲ.

ಹವ್ಯಾಸಕ್ಕೆ ಹೆಚ್ಚು ದುಡ್ಡೂ ಬೇಕಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ಬಸ್ಸು ಹತ್ತಿ ಮಂಡಗದ್ದೆಯಲ್ಲಿ ಇಳಿದರೆ, ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿರುತ್ತವೆ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಒಂದು ಛತ್ರಿ ಸಾಕು.

ಟೈಮ್ ಎಲ್ಲಿದೆ ಅಂತೀರಾ? 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಹತ್ತನೇ ಕ್ಲಾಸಿನವರಿಗೆ ವಿನಾಯಿತಿ ಅಂತ ಅದರಲ್ಲಿ ಬರೆದಿಲ್ಲ.

ಕೊನೆಯದಾಗಿ ಒಂದು ವಿಷಯ, ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಇಷ್ಟಪಟ್ಟು ಮಾಡುತ್ತಿದ್ದ ಕೆಲಸವೇ ಬೇಡ ಅನ್ನಿಸುವುದು, ಅದು ಎರಡು ವಾರ ದಾಟಿದರೂ ಹೋಗದೆ ಇರುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದು. ಬ್ಯಾಟು ಕೈಗೆ ಸಿಗುವಲ್ಲೇ ಇದ್ದು, ಗೆಳೆಯರು ಬಂದು ಕರೆದರೂ ಹುಡುಗ ಎದ್ದು ಹೋಗದಿದ್ದರೆ ನಿಮಗೆ ಗೊತ್ತಾಗುತ್ತದೆ. ಬ್ಯಾಟನ್ನು ನೀವೇ ಅಟ್ಟಕ್ಕೆ ಹಾಕಿದ್ದರೆ ಅದು ಗೊತ್ತಾಗುವುದು ಹೇಗೆ? ಅಂಥ ಹೊತ್ತಿನಲ್ಲಿ ಹವ್ಯಾಸವೊಂದರಿಂದಲೇ ಸರಿಹೋಗಲಿ ಅಂತ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: 1, 4, 4, 1, 6.

ನಮಸ್ಕಾರ.