ಕೀಟನಾಶಕ, ಸಾಕುಪ್ರಾಣಿ ಮತ್ತು ಕಾನೂನಿನ ಹೊಣೆ

ಮಾನ್ಯ ಸಭಿಕರೇ,

ಮನೆಗೆ ಕೀಟನಾಶಕ ಸಿಂಪಡಿಸಿದ ಮರುದಿನ ಸಾಕಿದ ಬೆಕ್ಕು ನಡುಗತೊಡಗಿ, ಸಂಜೆಯ ಹೊತ್ತಿಗೆ ಪ್ರಾಣ ಬಿಟ್ಟರೆ, ಕಾರಣ ಯಾವುದೆಂಬ ಬಗ್ಗೆ ಮನೆಯವರಿಗೆ ಸಂಶಯವೇ ಇರುವುದಿಲ್ಲ. ನ್ಯಾಯಾಲಯಕ್ಕೆ ಇರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವುದೇ ಇಂತಹ ಮೊಕದ್ದಮೆಗಳಲ್ಲಿ ಪ್ರತಿವಾದಿಯ ಮೊದಲ ಮತ್ತು ಬಲವಾದ ವಾದ. ಕಾಯಿದೆಗಳು ದೇಶದಿಂದ ದೇಶಕ್ಕೆ ಬೇರೆಯಾದರೂ, ಈ ವಾದವನ್ನು ಎದುರಿಸಬೇಕಾದ ಬಗೆ ಬಹುಮಟ್ಟಿಗೆ ಒಂದೇ ಆಗಿದೆ.

ಮೊದಲು ಹೊಣೆ ಯಾರದೆಂದು ನೋಡೋಣ. ಕೆಲಸ ಒಪ್ಪಿಸಿದ ಮನೆಯೊಡೆಯನಿಗೂ ಸಿಂಪಡಿಸುವ ಸಂಸ್ಥೆಗೂ ಕರಾರು ಇರುತ್ತದೆ. ಆದರೆ ಸತ್ತ ನಾಯಿ ಬಾಡಿಗೆದಾರನದೋ ಪಕ್ಕದ ಮನೆಯವರದೋ ಆಗಿದ್ದರೆ? ಕರಾರಿನ ಹೊರಗೂ ಜಾಗರೂಕತೆಯ ಕರ್ತವ್ಯವಿದೆ ಎಂಬುದನ್ನು ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1932ರಲ್ಲಿ ಡಾನಹ್ಯೂ ವಿರುದ್ಧ ಸ್ಟೀವನ್‌ಸನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ತನ್ನ ಕೃತ್ಯದಿಂದ ಯಾರಿಗೆ ಹಾನಿಯಾಗಬಹುದೆಂದು ಸಾಮಾನ್ಯ ವಿವೇಕಕ್ಕೆ ತೋರುತ್ತದೆಯೋ ಅವರೆಲ್ಲರ ಬಗ್ಗೆಯೂ ಎಚ್ಚರ ವಹಿಸಬೇಕೆಂಬ ಆ ತತ್ವ ಇಲ್ಲಿಗೂ ಅನ್ವಯವಾಗುತ್ತದೆ. ಬೇಲಿ ದಾಟಿ ಬರುವ ಬೆಕ್ಕು ಊಹೆಗೆ ಮೀರಿದ ಸಂಗತಿಯೇನಲ್ಲ.

ಆ ಎಚ್ಚರ ಎಂದರೆ ಏನು ಎಂಬುದು ಪ್ರಾಣಿಯನ್ನೂ ರಾಸಾಯನಿಕವನ್ನೂ ಅವಲಂಬಿಸುತ್ತದೆ. ನಾಯಿ ತಾಳಿಕೊಳ್ಳುವ ಪ್ರಮಾಣದ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆಕ್ಕಿಗೆ ಮಾರಕವಾಗಬಹುದು, ಏಕೆಂದರೆ ಅದನ್ನು ಒಡೆದು ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಇದೇ ಪೈರೆಥ್ರಾಯ್ಡ್ ಗುಂಪಿನ ಔಷಧಗಳು ಮೀನುಗಳಿಗೆ ಅತ್ಯಲ್ಪ ಪ್ರಮಾಣದಲ್ಲೂ ವಿಷ. ತೊಟ್ಟಿಯನ್ನು ಮುಚ್ಚಿದರೂ ಗಾಳಿಯ ಪಂಪು ಓಡುತ್ತಿದ್ದರೆ ಕೋಣೆಯಲ್ಲಿ ತೇಲುವ ತುಂತುರನ್ನು ಅದೇ ನೀರಿಗೆ ಎಳೆದು ಹಾಕುತ್ತದೆ. ಆದ್ದರಿಂದ ‘ಮನೆಯಲ್ಲಿ ಪ್ರಾಣಿಗಳಿವೆಯೇ, ಯಾವುವು?’ ಎಂದು ಕೇಳದೆ ಕೆಲಸ ಶುರುಮಾಡುವುದೇ ನನ್ನ ದೃಷ್ಟಿಯಲ್ಲಿ ನಿರ್ಲಕ್ಷ್ಯದ ಮೊದಲ ಲಕ್ಷಣ. ಡಬ್ಬಿಯ ಮೇಲಿನ ಸೂಚನೆಗಳಿಗೆ ಅನೇಕ ದೇಶಗಳಲ್ಲಿ ಕಾನೂನಿನ ಬಲವಿದ್ದು, ಅವನ್ನು ಮೀರಿ ಬಳಸಿದ್ದು ಸಾಬೀತಾದರೆ ಸಂಸ್ಥೆಯ ಸಮರ್ಥನೆಗೆ ಉಳಿಯುವ ಜಾಗ ಕಿರಿದು.

ಆದರೆ ನಿರ್ಲಕ್ಷ್ಯ ರುಜುವಾತಾದ ಮಾತ್ರಕ್ಕೆ ಪರಿಹಾರ ಸಿಗುವುದಿಲ್ಲ. ಆ ನಿರ್ಲಕ್ಷ್ಯದಿಂದಲೇ ಪ್ರಾಣಿಗೆ ಹಾನಿಯಾಯಿತು ಎಂಬುದನ್ನೂ ತೋರಿಸಬೇಕು, ಮತ್ತು ಹೆಚ್ಚಿನ ದಾವೆಗಳು ಮುಗ್ಗರಿಸುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಹಲವು ದೇಶಗಳಲ್ಲಿ ಸಿವಿಲ್ ದಾವೆಗೆ ಸಂಪೂರ್ಣ ಖಚಿತತೆ ಬೇಕಿಲ್ಲ, ಹಾಗಾಗಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಅಷ್ಟಕ್ಕೂ ಪುರಾವೆ ಬೇಕು. ಮೊದಲ ಸಾಕ್ಷಿ ಕಾಲವೇ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿಪಾಷಾಣ ತಿಂದ ನಾಯಿಯಲ್ಲಿ ಲಕ್ಷಣಗಳು ಕಾಣುವುದು ಸಾಮಾನ್ಯವಾಗಿ 3ರಿಂದ 5 ದಿನಗಳ ನಂತರ. ಹಾಗಾಗಿ ಬೆಳಿಗ್ಗೆ ಪಾಷಾಣ ಇಟ್ಟು ಮಧ್ಯಾಹ್ನಕ್ಕೆ ರಕ್ತಸ್ರಾವದಿಂದ ನಾಯಿ ಸತ್ತರೆ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಅದೇ ರೀತಿ, ಐದನೆಯ ದಿನ ಕಾಣಿಸಿದ ಒಸಡಿನ ರಕ್ತವನ್ನು ‘ಇಷ್ಟು ದಿನವಾದ ಮೇಲೆ ನಮಗೇನು ಸಂಬಂಧ’ ಎಂದು ಸಂಸ್ಥೆ ತಳ್ಳಿಹಾಕುವಂತಿಲ್ಲ.

ಎರಡನೆಯದು ದೇಹ ನೀಡುವ ಸಾಕ್ಷ್ಯ. ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕದ ವಿಷವಾಗಿದ್ದರೆ ರಕ್ತದಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವದ ಚಟುವಟಿಕೆ ಕುಸಿದಿರುತ್ತದೆ. ಇಲಿಪಾಷಾಣದ ಅಂಶವನ್ನು ಯಕೃತ್ತಿನಲ್ಲಿ ಪತ್ತೆಹಚ್ಚಬಹುದು. ಇದಕ್ಕೆ ಮರಣೋತ್ತರ ಪರೀಕ್ಷೆ ಬೇಗ ಆಗಬೇಕು, ಅಲ್ಲಿಯವರೆಗೆ ದೇಹವನ್ನು ತಂಪಾಗಿ ಇಡಬೇಕೇ ಹೊರತು ಹೆಪ್ಪುಗಟ್ಟಿಸಬಾರದು, ಏಕೆಂದರೆ ಹೆಪ್ಪುಗಟ್ಟಿದ ಅಂಗಾಂಶ ಸೂಕ್ಷ್ಮದರ್ಶಕದ ಪರೀಕ್ಷೆಗೆ ಕೆಡುತ್ತದೆ. ವಾಂತಿಯ ಮಾದರಿ, ಉಳಿದ ಪಾಷಾಣದ ತುಣುಕು, ಅದು ಬಿದ್ದಿದ್ದ ಜಾಗದ ಚಿತ್ರ, ಪಶುವೈದ್ಯರು ಆ ಕ್ಷಣದಲ್ಲೇ ಬರೆದ ಟಿಪ್ಪಣಿ ಇವೆಲ್ಲ ಪಾಟೀಸವಾಲಿನಲ್ಲಿ ನಿಲ್ಲುತ್ತವೆ. ದುಃಖದಲ್ಲಿರುವವರಿಗೆ ಇದನ್ನು ಹೇಳುವುದು ಕಠೋರವೇ ಹೌದು. ಆದರೆ ಆ ದಿನವೇ ಹೂಳಿದ ದೇಹ ಮುಂದೆ ಯಾರ ಪರವಾಗಿಯೂ ಸುಲಭವಾಗಿ ಸಾಕ್ಷಿ ನುಡಿಯುವುದಿಲ್ಲ. ಬೆಕ್ಕಿಗೆ ಲಿಲ್ಲಿ ಗಿಡವೂ ಮಾರಕ, ಹಳೆಯ ಮೂತ್ರಪಿಂಡದ ಕಾಯಿಲೆಯೂ ಮಾರಕ. ಈ ಪರ್ಯಾಯ ಕಾರಣಗಳನ್ನು ಪ್ರತಿವಾದಿ ಎತ್ತಿಯೇ ಎತ್ತುತ್ತಾನೆ.

ಯಾವ ರಾಸಾಯನಿಕ, ಎಷ್ಟು ಸಾಂದ್ರತೆ, ಎಲ್ಲಿ ಎಷ್ಟು ಸಿಂಪಡಿಸಲಾಯಿತು ಎಂಬ ಮಾಹಿತಿ ಇರುವುದು ಸಂಸ್ಥೆಯ ಬಳಿ. ಪ್ರಾಣಿ ಇನ್ನೂ ಬದುಕಿರುವಾಗ ವೈದ್ಯರು ಔಷಧದ ಹೆಸರು ಕೇಳಿದರೂ ಹೇಳದೆ ಸತಾಯಿಸಿದರೆ, ಚಿಕಿತ್ಸೆ ತಡವಾದದ್ದಕ್ಕೆ ಅದು ಪ್ರತ್ಯೇಕ ತಪ್ಪಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ದಾಖಲೆ ಇದ್ದೂ ನ್ಯಾಯಾಲಯದ ಮುಂದಿಡದವರ ವಿರುದ್ಧ ನ್ಯಾಯಾಧೀಶರು ಪ್ರತಿಕೂಲ ಊಹೆ ಮಾಡಬಹುದು.

ಇನ್ನು ಮಾಲೀಕರ ಪಾಲು. ನೆಲ ಒಣಗುವ ಮೊದಲೇ ನಾಯಿಯನ್ನು ಒಳಗೆ ಬಿಟ್ಟಿದ್ದರೆ ಪರಿಹಾರದಲ್ಲಿ ಅಷ್ಟು ಕಡಿತವಾಗುವುದು ಸಹಜ. ಆದರೆ ಸಂಸ್ಥೆ ಕೊಟ್ಟ ಸೂಚನೆಯ ಹಾಳೆಯಲ್ಲಿ ಪ್ರಾಣಿಗಳನ್ನು ನಾಲ್ಕು ಗಂಟೆ ಹೊರಗಿಡಬೇಕು ಎಂದಿದ್ದು, ಕೆಲಸದವನು ಹೊರಡುವಾಗ ‘ಒಂದು ಗಂಟೆ ಸಾಕು ಸಾರ್’ ಎಂದಿದ್ದರೆ, ಆ ಮಾತಿಗೆ ಅವನನ್ನು ಕಳಿಸಿದ ಸಂಸ್ಥೆಯೇ ಹೊಣೆ. ಸಾಕುಪ್ರಾಣಿಗಳ ಹಾನಿಗೆ ತಾನು ಜವಾಬ್ದಾರನಲ್ಲ ಎಂಬ ಸಣ್ಣಕ್ಷರದ ಷರತ್ತನ್ನು ನ್ಯಾಯಾಲಯಗಳು ಬಿಗಿಯಾಗಿಯೇ ಅರ್ಥೈಸುತ್ತವೆ.

ಪರಿಹಾರದ ಮೊತ್ತ ಮಾತ್ರ ನಿರಾಶೆ ತರುವಂಥದು. ಬಹುತೇಕ ಕಾನೂನುಗಳು ಪ್ರಾಣಿಯನ್ನು ಸ್ವತ್ತಾಗಿಯೇ ಕಾಣುತ್ತವೆ, ಮಾರುಕಟ್ಟೆ ಬೆಲೆಗಿಂತ ಹೆಚ್ಚು ಕೊಡಲು ಹಿಂಜರಿಯುತ್ತವೆ. ಜರ್ಮನಿ 1990ರಲ್ಲಿ ತನ್ನ ನಾಗರಿಕ ಸಂಹಿತೆಗೆ ಪ್ರಾಣಿಗಳು ವಸ್ತುಗಳಲ್ಲ ಎಂಬ ಕಲಮನ್ನು ಸೇರಿಸಿತು. ಚಿಕಿತ್ಸೆಯ ವೆಚ್ಚ ಪ್ರಾಣಿಯ ಬೆಲೆಗಿಂತ ಬಹಳ ಹೆಚ್ಚಾಯಿತೆಂಬ ಒಂದೇ ಕಾರಣಕ್ಕೆ ಅದನ್ನು ಅತಿಯೆನ್ನಲಾಗದು ಎಂಬ ನಿಯಮವೂ ಅಲ್ಲಿದೆ. ಉಳಿದೆಡೆ ತಜ್ಞರ ಶುಲ್ಕವೇ ಪರಿಹಾರವನ್ನು ಮೀರುವುದರಿಂದ ಅನೇಕರು ರಾಜಿಗೆ ಒಪ್ಪುತ್ತಾರೆ. ರಾಜಿಯಲ್ಲಿ ತಪ್ಪಿಲ್ಲ. ಆದರೆ ಪ್ರಯೋಗಾಲಯದ ವರದಿ ಬರುವ ಮೊದಲೇ ‘ಇನ್ನು ಯಾವ ಹಕ್ಕು ಬಾಧ್ಯತೆಯೂ ಉಳಿದಿಲ್ಲ’ ಎಂಬ ಪತ್ರಕ್ಕೆ ಸಹಿ ಹಾಕಿದವರಿಗೆ, ವರದಿ ಏನೇ ಹೇಳಿದರೂ ದಾವೆ ಹೂಡುವ ದಾರಿ ಬಹುತೇಕ ಮುಚ್ಚಿಹೋಗಿರುತ್ತದೆ.