ಅಂಚು ಮಾಸಿದ ಹಾಕಿ ಕಾರ್ಡುಗಳು

ಮೊದಲು ಈ ಅಂಚನ್ನು ನೋಡಿ. ಕ್ಯಾಮೆರಾವನ್ನು ಇನ್ನಷ್ಟು ಹತ್ತಿರ ತರುತ್ತೇನೆ. ನೀಲಿ ಚೌಕಟ್ಟು ಮುಗಿಯುವ ಕಡೆ ರಟ್ಟು ನುಣುಪಾಗಿ ತುಂಡಾಗಿಲ್ಲ, ನಾರುನಾರಾಗಿ ಎದ್ದಿದೆ. ಇದು 1979-80ರ ಓ-ಪೀ-ಚೀ ಐಸ್ ಹಾಕಿ ಕಾರ್ಡ್, ಮಕ್ಕಳು ಕೂಡಿಡುತ್ತಿದ್ದ, ಆಟಗಾರನ ಚಿತ್ರವಿರುವ ರಟ್ಟಿನ ಚೀಟಿ. ಕೆನಡಾದ ಒಂಟಾರಿಯೊದ ಲಂಡನ್ ಊರಿನ ಈ ಕಂಪನಿ ಕಾರ್ಡುಗಳನ್ನು ತಂತಿಯಿಂದ ಕತ್ತರಿಸುತ್ತಿತ್ತು. ಹಾಗಾಗಿ ಕಾರ್ಖಾನೆಯಿಂದ ಹೊರಬೀಳುವಾಗಲೇ ಅಂಚು ಒರಟು. ಅದೇ ವರ್ಷ ಅಮೆರಿಕದ ಟಾಪ್ಸ್ ಕಂಪನಿ ಅದೇ ವಿನ್ಯಾಸದಲ್ಲಿ ತಂದ ಕಾರ್ಡುಗಳ ಅಂಚು ನೇರವಾಗಿರುತ್ತದೆ.

ನನ್ನ ಕೈಯಲ್ಲಿರುವುದು ಸಾಮಾನ್ಯ ಆಟಗಾರನೊಬ್ಬನ ಕಾರ್ಡ್. ಇದೇ ಸರಣಿಯ 18ನೇ ಕಾರ್ಡ್ ಐಸ್ ಹಾಕಿಯ ದಂತಕಥೆ ವೇಯ್ನ್ ಗ್ರೆಟ್ಸ್ಕಿಯದು, ಉತ್ತರ ಅಮೆರಿಕದ ಮುಖ್ಯ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅವನ ಮೊದಲ ಋತುವಿನದು. ಸ್ಥಿತಿಯ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಅಂಕ ಪಡೆದ ಅದರ ಒಂದು ಪ್ರತಿ 2021ರಲ್ಲಿ 37.5 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಕಡುನೀಲಿ ಚೌಕಟ್ಟಿನಲ್ಲಿ ಚಿಕ್ಕ ಬಿಳಿ ಚುಕ್ಕೆ ಎದ್ದರೂ ಕಣ್ಣಿಗೆ ರಾಚುತ್ತದೆ. ಅಂಥದ್ದರಲ್ಲಿ ಕಳಂಕವಿಲ್ಲದ ಪ್ರತಿ ಉಳಿಯುವುದೇ ಅಪರೂಪ. ನಕಲಿಗಳೂ ಸಾಕಷ್ಟಿವೆ. ಭೂತಗನ್ನಡಿ ಹಿಡಿದರೆ ಅಸಲಿ ಕಾರ್ಡಿನ ಕಪ್ಪು ಅಕ್ಷರಗಳು ಗಟ್ಟಿಯಾಗಿ ಕಾಣುತ್ತವೆ. ಅಸಲಿಯ ಫೋಟೊ ತೆಗೆದು ಮರುಮುದ್ರಿಸಿದ್ದರಲ್ಲಿ ಅಕ್ಷರವೇ ಸಣ್ಣ ಚುಕ್ಕೆಗಳಾಗಿ ಒಡೆದಿರುತ್ತದೆ.

ಟೊರಾಂಟೊಗೆ ಬಂದು ನೆಲೆಸಿದ ಮೇಲೆ ಈ ಹುಚ್ಚು ಹತ್ತಿತು. ಆಗಿನಿಂದಲೂ ನನಗೆ ಅನ್ನಿಸುವುದು ಒಂದೇ: ಹಳೆಯ ಕಾರ್ಡಿನಲ್ಲಿ ನಾವು ದೋಷ ಎನ್ನುವುದರಲ್ಲಿ ಹೆಚ್ಚಿನದು ಅದರ ಚರಿತ್ರೆ. ಹೆಸರಾಂತ ಆಟಗಾರ ಬಾಬಿ ಹಲ್‌ನ ರೂಕಿ ಕಾರ್ಡನ್ನೇ, ಅಂದರೆ ಅವನ ಮೊದಲ ಕಾರ್ಡನ್ನೇ ತೆಗೆದುಕೊಳ್ಳಿ. 1958-59ರ ಟಾಪ್ಸ್ ಸರಣಿಯಲ್ಲಿ ಒಟ್ಟು 66 ಕಾರ್ಡುಗಳು, ಹಲ್‌ನದು 66ನೆಯದು. ಮಕ್ಕಳು ಕಾರ್ಡುಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಬ್ಯಾಂಡ್ ಕಚ್ಚುತ್ತಿದ್ದುದು ಕಟ್ಟಿನ ಮೊದಲ ಮತ್ತು ಕೊನೆಯ ಕಾರ್ಡನ್ನು. ಹಲ್‌ನ ಕಾರ್ಡಿನ ಅಂಚಿನಲ್ಲಿ ತಗ್ಗು ಕಂಡರೆ ನನಗೆ ಬೇಸರವಾಗುವುದಿಲ್ಲ. ಯಾವುದೋ ಹುಡುಗ ಇಡೀ ಸರಣಿಯನ್ನು ಕೂಡಿಸಿದ್ದನಲ್ಲ ಎಂದು ಸಂತೋಷವೇ ಆಗುತ್ತದೆ.

ಈಗ ನನಗೆ ಅತಿ ಪ್ರಿಯವಾದ ಸರಣಿಗೆ ಬರುತ್ತೇನೆ. 1951-52ರ ಪಾರ್ಕ್‌ಹರ್ಸ್ಟ್ ಕಂಪನಿಯದು, ಒಟ್ಟು 105 ಕಾರ್ಡುಗಳು. ಎಷ್ಟು ಚಿಕ್ಕದು ನೋಡಿ, ಅಗಲ ಒಂದೂಮುಕ್ಕಾಲು ಇಂಚು, ಎತ್ತರ ಎರಡೂವರೆ ಇಂಚು. ಯುದ್ಧದ ವರ್ಷಗಳಲ್ಲಿ ಚ್ಯೂಯಿಂಗ್ ಗಮ್ ಜೊತೆಗಿನ ಹಾಕಿ ಕಾರ್ಡುಗಳು ನಿಂತುಹೋಗಿದ್ದವು, ಮತ್ತೆ ಶುರುವಾದದ್ದು ಈ ಸರಣಿಯಿಂದ. ಆದ್ದರಿಂದಲೇ ಮಾಂಟ್ರಿಯಲ್ ತಂಡದ ಮೋರಿಸ್ ರಿಷಾರ್ 1944-45ರಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದು ಮನೆಮಾತಾಗಿದ್ದರೂ ಅವನ ರೂಕಿ ಕಾರ್ಡ್ ಎನ್ನಿಸಿಕೊಂಡಿರುವುದು ಈ ಸರಣಿಯದೇ. ಆ ಕಾಲದ ತಾರೆಗಳಾದ ಗಾರ್ಡಿ ಹೌ, ಟೆರ್ರಿ ಸಾಚಕ್ ಅವರ ರೂಕಿ ಕಾರ್ಡುಗಳೂ ಇಲ್ಲೇ ಇವೆ.

ಹಿಂಬದಿ ತಿರುಗಿಸುತ್ತೇನೆ. ಏನೂ ಅಚ್ಚಾಗಿಲ್ಲ. ಅಂಕಿಅಂಶಗಳೆಲ್ಲ ಮುಂಬದಿಯಲ್ಲೇ ಇವೆ, ಬೆನ್ನು ಖಾಲಿ. ಖಾಲಿ ಜಾಗ ಸಿಕ್ಕರೆ ಮಕ್ಕಳು ಬಿಡುತ್ತಾರೆಯೇ? ಈ ಪ್ರತಿಯ ಹಿಂದೆ ಪೆನ್ಸಿಲ್‌ನಲ್ಲಿ ಕೂಡುವ ಲೆಕ್ಕವಿದೆ. ಏಳನ್ನು ಒತ್ತಿ ಬರೆದಿದ್ದಾನೆ, ಒಂಬತ್ತನ್ನು ಅಳಿಸಿ ಮತ್ತೆ ಬರೆದಿದ್ದಾನೆ. ಅಳಿಸಿದ ಕಡೆ ಕಾಗದ ತುಸು ಸವೆದು ಬೆಳಕಿಗೆ ಮಿನುಗುತ್ತದೆ. ಮಾರುಕಟ್ಟೆಯ ಕಣ್ಣಿನಲ್ಲಿ ಈ ಬರಹದಿಂದ ಬೆಲೆ ಅರ್ಧಕ್ಕಿಂತ ಕೆಳಗೆ. ನಾನು ಇದನ್ನು ಆರಿಸಿದ್ದೇ ಈ ಲೆಕ್ಕಕ್ಕಾಗಿ. ಆ ಕಾಲದ ಮಕ್ಕಳಿಗೆ ಕಾರ್ಡು ನಮ್ಮ ಕಡೆಯ ಗೋಲಿಯಂತೆ ಆಡಿ ಗೆಲ್ಲುವ ವಸ್ತು. ಗೋಡೆಯತ್ತ ಎಸೆಯುತ್ತಿದ್ದರು, ಯಾರದು ಗೋಡೆಗೆ ಹತ್ತಿರ ಬಿತ್ತೋ ಅವರಿಗೆ ಉಳಿದವೆಲ್ಲ. ಮೂಲೆ ಮೊಂಡಾಗದೆ ಇನ್ನೇನಾದೀತು!

ಈ ಸರಣಿಯ 52ನೇ ಕಾರ್ಡ್ ಒಂದು ಗೋಲಿನ ಚಿತ್ರ. 1951ರ ಏಪ್ರಿಲ್ 21ರಂದು ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಬಿಲ್ ಬಾರಿಲ್ಕೊ ಹೆಚ್ಚುವರಿ ಅವಧಿಯಲ್ಲಿ ಮಾಂಟ್ರಿಯಲ್ ವಿರುದ್ಧ ಹೊಡೆದು ಎನ್‌ಎಚ್‌ಎಲ್‌ನ ಚಾಂಪಿಯನ್ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ತಂದುಕೊಟ್ಟ ಗೋಲು. ಆಗಸ್ಟ್‌ನಲ್ಲಿ ಮೀನು ಹಿಡಿಯಲು ಉತ್ತರಕ್ಕೆ ಹೋಗಿದ್ದ ಅವನಿದ್ದ ಪುಟ್ಟ ವಿಮಾನ ಹಿಂದಿರುಗಲಿಲ್ಲ. 24 ವರ್ಷದ ಹುಡುಗ. ಮುಂದಿನ ಋತುವಿನಲ್ಲಿ ಮಕ್ಕಳ ಕೈಗೆ ಈ ಕಾರ್ಡ್ ಬಂದಾಗ ಅವನು ಬದುಕಿದ್ದಾನೋ ಇಲ್ಲವೋ ಯಾರಿಗೂ ತಿಳಿಯದು. ವಿಮಾನದ ಅವಶೇಷ ಸಿಕ್ಕಿದ್ದು 1962ರ ಜೂನ್‌ನಲ್ಲಿ. ಅವನ ಗೋಲಿನ ನಂತರ ಲೀಫ್ಸ್ ಮತ್ತೆ ಕಪ್ ಗೆದ್ದದ್ದೂ ಅದೇ ವರ್ಷದ ಏಪ್ರಿಲ್‌ನಲ್ಲಿ. ಈ ಕಾರ್ಡನ್ನು ಹಿಡಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ನನ್ನದೊಂದು ಮಾತು. ರಿಷಾರ್, ಹೌ ಅವರಿಗಾಗಿ ಸಾಲ ಮಾಡಬೇಡಿ. ಅದೇ ಸರಣಿಯ, ಅದೇ ಗಮ್ ಪೊಟ್ಟಣದಿಂದ ಬಂದ ಸಾಮಾನ್ಯ ಆಟಗಾರರ ಕಾರ್ಡುಗಳು ಕೈಗೆಟಕುವ ಬೆಲೆಗೆ ಸಿಗುತ್ತವೆ. ಮಡಿಕೆ ಇರಲಿ, ಪೆನ್ಸಿಲ್ ಗೀಟು ಇರಲಿ, ಧಾರಾಳವಾಗಿ ಕೊಳ್ಳಿ. ಆದರೆ ಹೊಸದಾಗಿ ಕಾಣಲೆಂದು ಬ್ಲೇಡಿನಿಂದ ಅಂಚು ಕತ್ತರಿಸಿದ ಕಾರ್ಡನ್ನು ಮಾತ್ರ ಮುಟ್ಟಬೇಡಿ. ಕಾರ್ಡು ಮೇಳಕ್ಕೆ ಹೋಗುವಾಗ ಅಳತೆಪಟ್ಟಿ ಜೇಬಿನಲ್ಲಿರಲಿ. ಎಪ್ಪತ್ತು ವರ್ಷದ ಕಾರ್ಡಿನ ನಾಲ್ಕೂ ಮೂಲೆ ಸೂಜಿಯಂತೆ ಚೂಪಾಗಿದ್ದರೆ, ಹಣ ಕೊಡುವ ಮೊದಲು ಅಳೆಯಿರಿ.