ಒಲಿದವಳೂ ಅವಳೇ, ಕಾದಿದವಳೂ ಅವಳೇ

ಕೇಳುಗರೆಲ್ಲರಿಗೂ ನಮಸ್ಕಾರ. ಇಂದಿನ ಇರಾಕಿನ ದಕ್ಷಿಣಕ್ಕೆ, ಯೂಫ್ರೆಟಿಸ್ ನದಿಯ ಬಯಲಿನಲ್ಲಿ, ಐದು ಸಾವಿರ ವರ್ಷಗಳ ಹಿಂದೆ ಸುಮೇರಿನ ಜನ ಕಟ್ಟಿ ಬೆಳೆಸಿದ್ದ ಉರುಕ್ ನಗರದಲ್ಲಿ 'ಎಆನ್ನ' ಎಂಬ ದೇವಾಲಯವಿತ್ತು. ಆ ಹೆಸರಿಗೆ ಆಕಾಶದ ಮನೆ ಎಂದರ್ಥ. ಅಲ್ಲಿ ಪೂಜೆಗೊಳ್ಳುತ್ತಿದ್ದವಳು ಇನಾನ್ನ. ಆಕೆಯನ್ನು ಪ್ರೇಮದೇವತೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದನ್ನು ಎಷ್ಟೋ ಕಡೆ ಓದಿದ್ದೇನೆ, ಓದಿದಾಗಲೆಲ್ಲ ಬೇಸರವಾಗಿದೆ. ಒಲವು, ಫಲವಂತಿಕೆ, ಯುದ್ಧ ಮೂರಕ್ಕೂ ಆಕೆ ಒಬ್ಬಳೇ ಒಡತಿ. ದಯವಿಟ್ಟು ಆಕೆಯನ್ನು ತುಂಡು ಮಾಡಬೇಡಿ.

ನಮ್ಮ ಹಳ್ಳಿಗಳಲ್ಲಿ ಬೆಳ್ಳಿ ಎಂದು ಕರೆಯುವ ಶುಕ್ರಗ್ರಹವೇ ಆಕೆಯ ಚುಕ್ಕಿ. ಸಂಜೆ ಪಡುವಣದಲ್ಲಿ ಹೊಳೆಯುವುದೂ ನಸುಕಿನಲ್ಲಿ ಮೂಡಣದಲ್ಲಿ ಏಳುವುದೂ ಒಂದೇ ಎಂಬುದನ್ನು ಸುಮೇರಿನವರು ಅರಿತಿದ್ದರು.

ಈಗ ನನಗೆ ಬಹಳ ಪ್ರಿಯವಾದ ಕಥೆಗೆ ಬರುತ್ತೇನೆ. ಇನಾನ್ನ ತನ್ನ ಅಕ್ಕ ಎರೆಷ್ಕಿಗಲ್ ಆಳುವ ಪಾತಾಳಕ್ಕೆ ಹೊರಟಳು. ಅಲ್ಲಿ ಏಳು ಬಾಗಿಲು. ಮೊದಲನೆಯದರಲ್ಲಿ ಕಿರೀಟ ಕಳಚಿದರು, ಎರಡನೆಯದರಲ್ಲಿ ಕೊರಳಿನ ನೀಲಿಕಲ್ಲಿನ ಸರ, ಮುಂದೆ ಎದೆಯ ಮಣಿಗಳು, ಎದೆಕವಚ, ಕೈಯ ಚಿನ್ನದ ಬಳೆ, ಅಳತೆಗೋಲು, ಕೊನೆಗೆ ಉಟ್ಟ ರಾಜವಸ್ತ್ರ. 'ಇದೇನು?' ಎಂದು ಆಕೆ ಕೇಳಿದಾಗಲೆಲ್ಲ ಬಂದ ಉತ್ತರ ಒಂದೇ: 'ಸುಮ್ಮನಿರು ಇನಾನ್ನ, ಪಾತಾಳದ ಕಟ್ಟಳೆಯನ್ನು ಪ್ರಶ್ನಿಸುವಂತಿಲ್ಲ.' ಬರಿಮೈಯಲ್ಲಿ ನಿಂತವಳನ್ನು ಸಾವಿನ ನೋಟದಿಂದ ಕೊಂದು, ಹೆಣವನ್ನು ಗೂಟಕ್ಕೆ ತೂಗುಹಾಕಿದರು.

ಮೂರು ಹಗಲು, ಮೂರು ರಾತ್ರಿ ಕಳೆದ ಮೇಲೆ ಸೇವಕಿ ನಿನ್‌ಶುಬುರ್ ದೇವರುಗಳ ಬಳಿ ಹೋಗಿ ಮೊರೆಯಿಟ್ಟಳು. ಇಬ್ಬರು ಕೈಚೆಲ್ಲಿದರು. ಅರಿವಿನ ದೇವ ಎಂಕಿ ಮಾತ್ರ ತನ್ನ ಉಗುರಿನ ಸಂದಿಯ ಕೊಳೆಯನ್ನು ತೆಗೆದು ಎರಡು ಜೀವಿಗಳನ್ನು ಮಾಡಿ ಕಳಿಸಿದ. ಅವು ಯುದ್ಧ ಮಾಡಲಿಲ್ಲ. ಹೆರಿಗೆಯ ನೋವಿನಲ್ಲಿದ್ದವಳಂತೆ 'ಅಯ್ಯೋ ನನ್ನ ಒಡಲು' ಎಂದು ನರಳುತ್ತಿದ್ದ ಎರೆಷ್ಕಿಗಲ್ ಎದುರು ನಿಂತು, 'ಅಯ್ಯೋ ನಿನ್ನ ಒಡಲು' ಎಂದು ಜೊತೆಗೂಡಿ ಮರುಗಿದವು. ಮನಕರಗಿದ ರಾಣಿ ಬೇಕಾದ್ದನ್ನು ಕೇಳಿ ಎಂದಾಗ, ನೀರನ್ನೂ ಧಾನ್ಯವನ್ನೂ ಒಲ್ಲೆವೆಂದು, ಗೂಟದ ಮೇಲಿನ ಹೆಣವನ್ನಷ್ಟೇ ಬೇಡಿದವು. ಇನಾನ್ನ ಎದ್ದಳು.

ಆದರೆ ತನ್ನ ಬದಲಿಗೆ ಒಬ್ಬರನ್ನು ಪಾತಾಳಕ್ಕೆ ಒಪ್ಪಿಸಬೇಕಿತ್ತು. ತನಗಾಗಿ ಧೂಳಿನಲ್ಲಿ ಹೊರಳಿ ಅತ್ತವರನ್ನು ಆಕೆ ಬಿಟ್ಟುಕೊಡಲಿಲ್ಲ. ಗಂಡ ದುಮುಜಿ ಮಾತ್ರ ಒಳ್ಳೆಯ ಬಟ್ಟೆ ತೊಟ್ಟು ಸಿಂಹಾಸನದ ಮೇಲೆ ಕುಳಿತಿದ್ದ. ಆಕೆ ಅವನತ್ತ ಬೀರಿದ್ದು ಅದೇ ಸಾವಿನ ನೋಟ. ಸುಮೇರಿನ ಪ್ರಣಯಗೀತೆಗಳಲ್ಲಿ ಆಕೆ ಹಂಬಲಿಸಿ ಕರೆಯುವುದು ಈ ದುಮುಜಿಯನ್ನೇ ಎಂಬುದನ್ನು ಗಮನಿಸಿ. ಒಲಿದ ಕಣ್ಣೂ ಕೊಂದ ಕಣ್ಣೂ ಬೇರೆಯಲ್ಲ. ಮುಂದೆ ದುಮುಜಿಯೂ ಅವನ ಸೋದರಿಯೂ ಅರ್ಧರ್ಧ ವರ್ಷ ಪಾತಾಳದಲ್ಲಿರುವಂತೆ ತೀರ್ಮಾನವಾಯಿತು.

ಉರುಕಿನಲ್ಲಿ ದೊರೆತ, ಸುಮಾರು ಒಂದು ಮೀಟರ್ ಎತ್ತರದ ಕಲ್ಲಿನ ಪಾತ್ರೆಯ ಬಗ್ಗೆ ವಿವರಿಸಲು ಸಮಯ ಉಳಿದಿಲ್ಲ. ಅದರ ಮೇಲೆ ನೀರು, ಪೈರು, ಕುರಿ, ಕಾಣಿಕೆ ಹೊತ್ತ ಜನ ಸಾಲಾಗಿ ದೇವಿಯ ಸನ್ನಿಧಿಗೆ ಸಾಗುತ್ತಾರೆ ಎಂದಷ್ಟೇ ಹೇಳುತ್ತೇನೆ. ಎನ್‌ಹೆದುಆನ್ನಳನ್ನು ಮಾತ್ರ ಬಿಡಲಾರೆ. ಕ್ರಿ.ಪೂ. 2300ರ ಸುಮಾರಿನಲ್ಲಿ ಉರ್ ನಗರದ ಚಂದ್ರದೇವನ ಪ್ರಧಾನ ಅರ್ಚಕಿಯಾಗಿದ್ದ ಈಕೆ ಅರಸ ಸಾರ್ಗೋನನ ಮಗಳು. ಪಟ್ಟದಿಂದ ಹೊರದೂಡಲ್ಪಟ್ಟಾಗ ಆಕೆ ರಚಿಸಿದಳೆನ್ನುವ ಸ್ತೋತ್ರ ಕೂಗಿ ಕರೆಯುವುದು ಇನಾನ್ನಳನ್ನು. ಅದರಲ್ಲಿ ಗುಡುಗಿನಂತೆ ಮೊರೆದು, ಪ್ರವಾಹದಂತೆ ಹಗೆಯ ನಾಡಿನ ಮೇಲೆ ಎರಗುವ ದೇವಿಯೇ ಕೊನೆಯ ಸಾಲುಗಳಲ್ಲಿ ಮೂಡುವ ತಿಂಗಳ ಬೆಳಕಿನಂಥ ಚೆಲುವನ್ನು ಉಟ್ಟು ನಿಲ್ಲುತ್ತಾಳೆ.

ನಮಸ್ಕಾರ.